ಹಲ್ಲಿಗಳಲ್ಲಿ ಅಡಗಿರುವ ಪ್ರಭೇದಗಳನ್ನು ಜೀನ್‌ಗಳ ಮೂಲಕ ಗುರುತಿಸುವ ವಿಧಾನ

ಅಂಡಮಾನ್‌ನಂತಹ ಉಷ್ಣವಲಯದ ದ್ವೀಪಗಳಲ್ಲಿ ಹಲ್ಲಿಗಳ ಗುಂಪುಗಳನ್ನು ಸಮುದ್ರವು ಬೇರ್ಪಡಿಸುವಂತೆ, ಮೇಲುಕೋಟೆ, ಕರಿಘಟ್ಟ, ಚಾಮುಂಡಿ ಬೆಟ್ಟಗಳ ಬಂಡೆಹಲ್ಲಿಗಳನ್ನು ನಡುವಿನ ಬಯಲು ಬೇರ್ಪಡಿಸಿ, ನೋಡಲು ಒಂದೇ ಎನಿಸಿದರೂ ಬೇರೆಬೇರೆಯಾದ, ಅಂದರೆ ‘ಅಡಗಿರುವ’, ಪ್ರಭೇದಗಳನ್ನಾಗಿಸಿರಬಹುದು; ಆದ್ದರಿಂದ ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ದ್ವೀಪಗಳ ಅಧ್ಯಯನಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು.

ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಬೇಕು. ಬಳಿಕ ಪ್ರತಿ ಬೆಟ್ಟದಲ್ಲಿಯೂ ಹಲವು ಹಲ್ಲಿಗಳ ಬಾಲದ ತುದಿಯ ಚೂರನ್ನಷ್ಟೇ ತೆಗೆದು, ಶೇ. 95ಕ್ಕಿಂತ ಕಡಿಮೆಯಿಲ್ಲದ ಎಥನಾಲ್‌ನಲ್ಲಿ ಇಡಬೇಕು. ಮಾದರಿ ಕೆಡದಂತಿಡಲು ಬಳಸುವ ಫಾರ್ಮಲಿನ್ ದ್ರಾವಣ ಬೇಡ, ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಚೀಟಿಯನ್ನು ಪೆನ್ಸಿಲ್‌ನಿಂದಲೇ ಬರೆಯಿರಿ, ಏಕೆಂದರೆ ಎಥನಾಲ್ ತಗುಲಿ ಪೆನ್ನಿನ ಶಾಯಿ ಕರಗಿದರೆ ಅದು ಯಾವ ಬೆಟ್ಟದ ಹಲ್ಲಿ ಎಂಬುದೇ ತಿಳಿಯದಂತಾಗುತ್ತದೆ.

ಪ್ರಯೋಗಾಲಯದಲ್ಲಿ ಡಿಎನ್‌ಎ ಬೇರ್ಪಡಿಸಿ, ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) 16ಎಸ್ ಅಥವಾ ಎನ್‌ಡಿ2 ಎಂಬ ಜೀನನ್ನು ಪಿಸಿಆರ್ (ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ಮೂಲಕ ವೃದ್ಧಿಸಿ, ಅದರ ಅನುಕ್ರಮವನ್ನು, ಅಂದರೆ ಡಿಎನ್‌ಎ ಅಕ್ಷರಗಳ ಸಾಲನ್ನು, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ದತ್ತಸಂಗ್ರಹದಲ್ಲಿರುವ ಹತ್ತಿರದ ಬಂಧುಗಳ ಅನುಕ್ರಮದೊಂದಿಗೆ ಹೊಂದಿಸಿ ವಂಶವೃಕ್ಷ ಕಟ್ಟಬೇಕು. ಇಲ್ಲಿ ಅವಸರ ಸಲ್ಲದು: ಮೈಟೊಕಾಂಡ್ರಿಯ ತಾಯಿಯಿಂದಲೇ ಬರುವುದರಿಂದ, ಗಂಡುಗಳಷ್ಟೇ ದೂರ ಅಲೆಯುವ ಒಂದೇ ಪ್ರಭೇದವೂ ಎರಡಾಗಿ ಕಾಣಬಹುದು. ಆರ್‌ಎಜಿ1ನಂತಹ ಕೋಶಕೇಂದ್ರದ ಜೀನ್ ಕೂಡ ಅದೇ ಕವಲನ್ನು ತೋರಿಸುವುದೇ ಎಂದು ಪರೀಕ್ಷಿಸಿ. ಆಮೇಲೆ ಲೆನ್ಸ್ ಹಿಡಿದು ಗಂಡುಗಳ ತೊಡೆಯಡಿಯ ರಂಧ್ರಗಳನ್ನೂ ಬೆನ್ನಿನ ಹುರುಪೆಗಳನ್ನೂ ಎಣಿಸಿ, 1853ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ವರ್ಣಿಸಿದ, ಮೈಸೂರಿನ ಹೆಸರನ್ನೇ ಹೊತ್ತ ನೆಮಾಸ್ಪಿಸ್ ಮೈಸೂರಿಯೆನ್ಸಿಸ್ ಎಂಬ ಹಲ್ಲಿಯಂತಹ ಹಳೆಯ ಪ್ರಭೇದಗಳ ವಿವರಣೆಯೊಂದಿಗೆ ಹೋಲಿಸಿದ ನಂತರವೇ ಹೊಸ ಹೆಸರಿನ ಮಾತೆತ್ತಬೇಕು.