ಕೈ ಪ್ರೆಸ್ಸಿಗೆ ಸಿಕ್ಕಾಗ: ಮೊದಲ ಚೀಟಿಯಿಂದ ಮೆಡಿಕಲ್ ಬೋರ್ಡ್‌ವರೆಗೆ

ತುಮಕೂರು ಸುತ್ತಲಿನ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕಡೆಯ ಕಾರ್ಖಾನೆಗಳ ಕಾರ್ಮಿಕರ ಅಪಘಾತದ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ಪೆಟ್ಟಾದ ಮೊದಲ ಗಂಟೆಯಲ್ಲಿ ಆಸ್ಪತ್ರೆಯ ಚೀಟಿಯ ಮೇಲೆ ಏನು ಬರೆದಿರುತ್ತಾರೋ ಅದರ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ. ಆಪರೇಷನ್, ಫಿಸಿಯೋಥೆರಪಿ, ರಜೆಯ ಸಂಬಳ, ಕೊನೆಗೆ ಅಂಗವೈಕಲ್ಯದ ಶೇಕಡಾವಾರು, ಎಲ್ಲದಕ್ಕೂ ಅಧಿಕಾರಿಗಳು ತಿರುಗಿಸಿ ನೋಡುವುದು ಆ ಚೀಟಿಯನ್ನೇ.

ಗಾಯಾಳುವನ್ನು ಕರೆದೊಯ್ಯುವವರು ಸಾಮಾನ್ಯವಾಗಿ ಸೂಪರ್‌ವೈಸರ್ ಇಲ್ಲವೇ ಕಂಟ್ರಾಕ್ಟರ್‌ನ ಮೇಸ್ತ್ರಿ. ದಾರಿಯಲ್ಲೇ ಮಾತು ಶುರುವಾಗುತ್ತದೆ: "ನೋಡಪ್ಪ, ಮನೇಲಿ ಬಾಗಿಲಿಗೆ ಸಿಕ್ಕಿತು ಅಂತ ಹೇಳು, ಪೊಲೀಸು ಗಿಲೀಸು ಅಂತ ಯಾಕೆ ಓಡಾಡ್ತೀಯ, ಬಿಲ್ಲು ನಾವು ಕಟ್ತೀವಿ." ನೋವಿನಲ್ಲಿರುವವನು ತಲೆಯಾಡಿಸುತ್ತಾನೆ. ಮೊದಲ ಬಿಲ್ಲು ಕಟ್ಟುತ್ತಾರೆ, ಎರಡನೆಯ ಆಪರೇಷನ್ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಕೇಸ್ ಶೀಟಿನಲ್ಲಿ "ಮನೆಯಲ್ಲಿ ಪೆಟ್ಟು" ಎಂದು ಆಗಿಹೋಗಿರುತ್ತದೆ. ಅದನ್ನು ಆಮೇಲೆ ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ, ಹಲವು ಸಲ ಆಗುವುದೇ ಇಲ್ಲ.

ಆದ್ದರಿಂದ ನಾವು ಮಾಡುವ ಮೊದಲ ಏರ್ಪಾಡು, ಗಾಯಾಳುವಿನ ಜೊತೆ ಅದೇ ಪಾಳಿಯ ಒಬ್ಬ ಸಹೋದ್ಯೋಗಿ ಹೋಗುವಂತೆ ನೋಡಿಕೊಳ್ಳುವುದು. ವೈದ್ಯರ ಮುಂದೆ ಹೇಳಬೇಕಾದ್ದು ನಾಲ್ಕು ಮಾತು: ಯಾವ ಕಾರ್ಖಾನೆ, ಯಾವ ಯಂತ್ರ, ಎಷ್ಟು ಗಂಟೆಗೆ, ಹೇಗೆ. "ಎರಡನೇ ಪಾಳಿಯಲ್ಲಿ, ಸಂಜೆ 6:20ಕ್ಕೆ, ಪವರ್ ಪ್ರೆಸ್‌ನಲ್ಲಿ ಎಡಗೈ ಸಿಕ್ಕಿತು" ಎಂದು ಬರೆಸಿದರೆ ಸಾಕು. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ಕೇಸ್ ದಾಖಲೆ, ಮಾಡಿಸಲೇಬೇಕು. ಜಿಲ್ಲಾ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಎಂಎಲ್‌ಸಿ ನಂಬರು ಚೀಟಿಯ ಮೇಲೆ ಬಿದ್ದಿದೆಯೇ ನೋಡಿ, ಚೀಟಿ ಕೈಬಿಡುವ ಮೊದಲು ಎರಡೂ ಬದಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಯಾವ ಕೈ ಎಂಬುದನ್ನೂ ಓದಿ ನೋಡಿ. ಎಡಗೈ ಬಲಗೈ ಅದಲುಬದಲಾಗಿ ಬರೆದ ಚೀಟಿಗಳು ನಮ್ಮ ಕೈಗೆ ಬರುತ್ತಲೇ ಇರುತ್ತವೆ.

ಬೆರಳು ತುಂಡಾಗಿದ್ದರೆ ಅದನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹಾಕಬಾರದು, ಅಂಗಾಂಶ ಸುಟ್ಟಂತಾಗಿ ಜೋಡಿಸಲು ಬರುವುದಿಲ್ಲ. ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಮಂಜು ಬೆರೆಸಿದ ನೀರಿನಲ್ಲಿ ಇಡಬೇಕು. ಬೆಂಗಳೂರಿಗೆ 70 ಕಿ.ಮೀ. ದಾರಿ ಇದೆ, ಮೊದಲು ಫೋನ್ ಮಾಡಿ ಮೈಕ್ರೋಸರ್ಜರಿ ಮಾಡುವವರು ಇದ್ದಾರೆಯೇ ಕೇಳಿಕೊಂಡು ಹೊರಡುವುದು ಒಳ್ಳೆಯದು.

ಇನ್ನು ಯಾವ ಕಾನೂನು ಎಂಬ ಪ್ರಶ್ನೆ. 10 ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಅಂಗವಿಕಲರಿಗೆ ಈ ಮಿತಿ 25,000. ಓವರ್‌ಟೈಮ್ ಹಣವನ್ನು ಈ ಮಿತಿಗೆ ಸೇರಿಸುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಈ ಎರಡು ವಂತಿಗೆ ಅವಧಿಗಳ ನಡುವೆ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವ ತನಕ ಇಎಸ್‌ಐ ಮುಂದುವರಿಯುತ್ತದೆ. ಹತ್ತಕ್ಕಿಂತ ಕಡಿಮೆ ಜನರ ಘಟಕ, ಅಥವಾ ಮಿತಿಗಿಂತ ಹೆಚ್ಚು ಸಂಬಳ ಇದ್ದು ಇಎಸ್‌ಐ ಇಲ್ಲದವರು, 1923ರ ನೌಕರರ ಪರಿಹಾರ ಕಾಯ್ದೆಯ ಕಡೆಗೆ ಹೋಗಬೇಕು. ಎರಡರಲ್ಲೂ ಕೇಳಲು ಬರುವುದಿಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ ಪರಿಹಾರ ಕಾಯ್ದೆಯ ಬಾಗಿಲು ಇಎಸ್‌ಐ ಕಾಯ್ದೆಯ 53ನೇ ಕಲಮಿನಿಂದ ಮುಚ್ಚಿದೆ. 2025ರ ನವೆಂಬರ್ 21ರಿಂದ ಎರಡೂ ಕಾಯ್ದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಾನು ಇಲ್ಲಿ ಕೊಡುವ ಕಲಂ ಸಂಖ್ಯೆ, ನಮೂನೆ ಸಂಖ್ಯೆ ಎಲ್ಲ ಹಳೆಯ ಕಾಯ್ದೆ, ನಿಬಂಧನೆಗಳವು. ಆ ತಾರೀಖಿನ ನಂತರದ ಅಪಘಾತಕ್ಕೆ ಅರ್ಜಿ ಬರೆಯುವಾಗ ಸಂಹಿತೆಯ ಕಲಂ ಯಾವುದೆಂದು ನೋಡಿ ಹಾಕಬೇಕು.

"ನಾನು ಸೇರಿ ಹದಿನೈದೇ ದಿನ, ನನಗೆ ಇಎಸ್‌ಐ ಬರುವುದಿಲ್ಲವಂತೆ" ಎಂದು ಹೇಳಿಕೊಂಡು ಬರುವವರು ಬಹಳ. ಇದು ತಪ್ಪು ತಿಳಿವಳಿಕೆ. ಕಾಯಿಲೆಯ ರಜೆಗೆ 78 ದಿನದ ವಂತಿಗೆ ಆಗಿರಬೇಕು, ಸಿಗುವುದು ಸಂಬಳದ ಶೇ 70. ಕೆಲಸದ ಅಪಘಾತಕ್ಕೆ ಅಂಥ ಷರತ್ತೇ ಇಲ್ಲ. ಮೊದಲ ದಿನ ಪೆಟ್ಟಾದರೂ ಹಕ್ಕಿದೆ, ಸಿಗುವುದು ದಿನದ ಸರಾಸರಿ ಸಂಬಳದ ಶೇ 90. ದಿನಕ್ಕೆ ಸರಾಸರಿ 600 ರೂಪಾಯಿ ಇದ್ದರೆ 540. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸಕ್ಕೆ ಹೋಗಲಾಗದ ಪೆಟ್ಟಾಗಿರಬೇಕು, ಅಷ್ಟೆ. ಮೊದಲ ಚೀಟಿಯಲ್ಲಿ "ಮನೆಯಲ್ಲಿ" ಎಂದಾದರೆ ಈ 540ರ ಜಾಗಕ್ಕೆ 420 ಬರುತ್ತದೆ, ಹೊಸಬನಾದರೆ ಅದೂ ಇಲ್ಲ.

ಕಾರ್ಖಾನೆಯ ಹೊಣೆ ಏನೆಂದರೆ ಅಪಘಾತ ಪುಸ್ತಕದಲ್ಲಿ, ಅಂದರೆ ನಮೂನೆ 11ರಲ್ಲಿ, ನಮೂದು ಮಾಡುವುದು, ನಮೂನೆ 12ರಲ್ಲಿ ಇಎಸ್‌ಐ ಬ್ರಾಂಚ್ ಆಫೀಸಿಗೂ ಇಎಸ್‌ಐ ವೈದ್ಯರಿಗೂ ವರದಿ ಕಳಿಸುವುದು. ಕೈಕಾಲು ಹೋಗುವಂಥ ಪೆಟ್ಟಾದರೆ ತಕ್ಷಣವೇ ಕಳಿಸಬೇಕು. ಈಗ ಇದು ಆನ್‌ಲೈನಿನಲ್ಲೇ ಆಗುವ ಕೆಲಸ. ಕಳಿಸಿದ್ದೇವೆ ಎಂಬ ಮಾತನ್ನು ನಂಬಿ ಕೂರಬೇಡಿ, ಪ್ರತಿ ಕೇಳಿ. ಕೊಡದಿದ್ದರೆ ಗಾಯಾಳುವೇ, ಅಥವಾ ಅವರ ಪರವಾಗಿ ಯಾರಾದರೂ, ಒಂದು ಹಾಳೆಯಲ್ಲಿ ಅಪಘಾತದ ವಿವರ ಬರೆದು ಕಾರ್ಖಾನೆಗೆ ಸ್ಪೀಡ್ ಪೋಸ್ಟ್ ಮಾಡಿ, ಅದರ ಪ್ರತಿಯನ್ನು ಬ್ರಾಂಚ್ ಆಫೀಸಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು. ಕೆಲಸದ ಸಮಯದಲ್ಲಿ ಆದ ಅಪಘಾತ, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ, ಕೆಲಸದಿಂದಲೇ ಆದದ್ದೆಂದು 51ಎ ಕಲಂ ಭಾವಿಸುತ್ತದೆ. ಮನೆಯಿಂದ ಡ್ಯೂಟಿಗೆ ಹೋಗುವಾಗ ಹೆದ್ದಾರಿಯಲ್ಲಿ ಬೈಕು ಬಿದ್ದರೂ 51ಇ ಕಲಮಿನಡಿ ಬರುತ್ತದೆ. ಅದಕ್ಕೆ ಸಮಯ ಮತ್ತು ದಾರಿ ಹೊಂದಬೇಕು, ಹಾಗಾಗಿ ಪಾಳಿಯ ಹಾಜರಿ ಮತ್ತು ಪೊಲೀಸ್ ದಾಖಲೆಯ ಸಮಯ ಒಂದಕ್ಕೊಂದು ತಾಳೆಯಾಗುವಂತಿರಬೇಕು.

ನೋಂದಣಿಯೇ ಮಾಡಿಸದ ಕಾರ್ಖಾನೆಗಳು ಅಪಘಾತವಾದ ಸಂಜೆ ಗಡಿಬಿಡಿಯಲ್ಲಿ ಹೆಸರು ಸೇರಿಸುತ್ತವೆ. ಅಪಘಾತದ ದಿನವೇ ಹುಟ್ಟಿದ ಐಪಿ ನಂಬರು, ಅಂದರೆ ಇಎಸ್‌ಐ ವಿಮೆದಾರನ ಸಂಖ್ಯೆ, ಬ್ರಾಂಚ್ ಆಫೀಸಿನಲ್ಲಿ ಅನುಮಾನ ಹುಟ್ಟಿಸುತ್ತದೆ, ವಿಚಾರಣೆಗೆ ಬರುತ್ತಾರೆ. ಆಗ ಕಾರ್ಮಿಕನನ್ನು ಉಳಿಸುವುದು ಹಳೆಯ ಹಾಜರಿಯ ಫೋಟೋ, ಬ್ಯಾಂಕಿಗೆ ಬಂದ ಸಂಬಳ, ಗೇಟ್ ಪಾಸ್, ವಾಟ್ಸಾಪಿನ ಪಾಳಿ ಪಟ್ಟಿ. ಮಾಲೀಕ ವಂತಿಗೆ ಕಟ್ಟದೆ ಕಾರ್ಮಿಕನಿಗೆ ನಷ್ಟವಾಗುವುದಾದರೆ ಇಎಸ್‌ಐ ನಿಗಮವೇ ಸೌಲಭ್ಯ ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದು ಎಂದು 68ನೇ ಕಲಂ ಹೇಳುತ್ತದೆ. ಈ ಕಲಮಿನ ಹೆಸರು ಹಾಕಿ ಅರ್ಜಿ ಬರೆಯಿರಿ.

ಚಿಕಿತ್ಸೆಯ ದಾರಿ ಹೀಗಿದೆ. ತುಮಕೂರಿನ ಇಎಸ್‌ಐ ಡಿಸ್ಪೆನ್ಸರಿಯಿಂದ ರೆಫರಲ್, ಅಲ್ಲಿಂದ ಪೀಣ್ಯ ಇಲ್ಲವೇ ರಾಜಾಜಿನಗರದ ಇಎಸ್‌ಐಸಿ ಆಸ್ಪತ್ರೆ, ಅಲ್ಲಿ ಇಲ್ಲದ ಚಿಕಿತ್ಸೆಗೆ ಟೈ-ಅಪ್, ಅಂದರೆ ಇಎಸ್‌ಐ ಜೊತೆ ಒಪ್ಪಂದವಿರುವ, ಖಾಸಗಿ ಆಸ್ಪತ್ರೆ. ಟೈ-ಅಪ್‌ನಲ್ಲಿ ರೋಗಿ ಹಣ ಕಟ್ಟುವ ಹಾಗಿಲ್ಲ. ರೆಫರಲ್ ಚೀಟಿಯಲ್ಲಿ ಚಿಕಿತ್ಸೆಯ ಹೆಸರು ಸ್ಪಷ್ಟವಾಗಿರಬೇಕು. "ಮೂಳೆ ವಿಭಾಗ" ಎಂದಷ್ಟೇ ಬರೆಸಿಕೊಂಡು ಹೋದರೆ ಎಕ್ಸ್-ರೇ ತೆಗೆದು ಮಾತ್ರೆ ಕೊಟ್ಟು ವಾಪಸ್ ಕಳಿಸುತ್ತಾರೆ, ಒಂದು ದಿನದ ಬಸ್ಸು ಛತ್ರ ಎಲ್ಲ ದಂಡ. ನಮ್ಮ ಕಡೆ ಜನ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೂ ನರ ಎನ್ನುತ್ತಾರೆ, ನರಕ್ಕೂ ನರ ಎನ್ನುತ್ತಾರೆ. ಕಾಗದದಲ್ಲಿ ಅವೆರಡು ಬೇರೆ ಬೇರೆ. ಬೆರಳು ಮಡಿಸಲು ಬರದಿದ್ದರೆ ಟೆಂಡನ್, ಮುಟ್ಟಿದರೆ ಗೊತ್ತಾಗದಿದ್ದರೆ ನರ. ಎರಡೂ ಇದ್ದರೆ ಎರಡನ್ನೂ ವೈದ್ಯರಿಗೆ ಹೇಳಿ ಬರೆಸಬೇಕು, ಇಲ್ಲದಿದ್ದರೆ ಒಂದಕ್ಕೆ ಮಾತ್ರ ಚಿಕಿತ್ಸೆ ಆಗಿ ಇನ್ನೊಂದು ಹಾಗೇ ಉಳಿಯುತ್ತದೆ.

ತುರ್ತಿನಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರೆ ಹಣ ಆಮೇಲೆ ಕೇಳಬಹುದು. ಬರುವುದು ಸಿಜಿಎಚ್‌ಎಸ್ ದರದಲ್ಲಿ, ಅಂದರೆ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ನಿಗದಿತ ದರದಲ್ಲಿ, ಹಾಗಾಗಿ ಪೂರ್ತಿ ಬಿಲ್ಲು ಬರುತ್ತದೆಂದು ಸಾಲ ಮಾಡಬೇಡಿ. ತುರ್ತಾಗಿತ್ತು ಎಂಬ ವೈದ್ಯರ ಪ್ರಮಾಣಪತ್ರ, ಚಿಕಿತ್ಸೆ, ಔಷಧ ಅಗತ್ಯವಿತ್ತೆಂಬ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಸೀಲಿರುವ ಮೂಲ ಬಿಲ್ಲುಗಳು, ಔಷಧ ಚೀಟಿಗಳು, ಪ್ಲೇಟು ಅಥವಾ ತಂತಿ ಹಾಕಿದ್ದರೆ ಅದರ ಡಬ್ಬಿಯ ಮೇಲಿನ ಸ್ಟಿಕ್ಕರ್, ಇಷ್ಟನ್ನು ಡಿಸ್ಚಾರ್ಜ್ ದಿನವೇ ಕೇಳಿ ತೆಗೆದುಕೊಳ್ಳಿ. ಸ್ಟಿಕ್ಕರ್ ಬಹಳ ಜನ ಮರೆಯುತ್ತಾರೆ. ಮಾಲೀಕರು ಬಿಲ್ಲು ಕಟ್ಟಿದ್ದರೆ ಮೂಲ ಬಿಲ್ಲು ಅವರ ಹತ್ತಿರ ಇರುತ್ತದೆ, ಡಿಸ್ಚಾರ್ಜ್ ಸಮ್ಮರಿ ಮಾತ್ರ ಕಾರ್ಮಿಕನ ಕೈಯಲ್ಲೇ ಇರಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಆಪರೇಷನ್ ನಂತರದ ಮೂರು ತಿಂಗಳ ಬಗ್ಗೆ, ಏಕೆಂದರೆ ಕೈ ಹಾಳಾಗುವುದು ಆಗಲೇ. ಹೊಲಿದ ಟೆಂಡನ್ ಮೊದಲ ಕೆಲವು ವಾರ ತೀರ ದುರ್ಬಲ. ಹಾಗೆಂದು ಅಲ್ಲಾಡಿಸದೇ ಇಟ್ಟರೆ ಸುತ್ತಲಿನ ಚರ್ಮಕ್ಕೆ, ಮೂಳೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಕೈಯನ್ನು ಹಿಡಿದಿಡುವ ಸ್ಪ್ಲಿಂಟ್ ಹಾಕಿಕೊಂಡು, ಫಿಸಿಯೋಥೆರಪಿಸ್ಟ್ ತೋರಿಸಿದಷ್ಟೇ ಚಲನೆ, ಸುಮಾರು 6 ವಾರ. ಭಾರ ಎತ್ತುವುದು ಸುಮಾರು 12 ವಾರದ ನಂತರ. ಆದರೆ ಹೊಲಿಗೆ ಬಿಚ್ಚಿದ ಕೂಡಲೇ, ಅಂದರೆ ಎರಡನೇ ವಾರದಲ್ಲೇ, "ಗಾಯ ಒಣಗಿದೆ" ಎಂದು ಫಿಟ್ ಸರ್ಟಿಫಿಕೇಟ್ ಬರೆಸುವ ಒತ್ತಡ ಬರುತ್ತದೆ. ಗಾಯ ಒಣಗುವುದು ಬೇರೆ, ಕೈ ಕೆಲಸಕ್ಕೆ ಬರುವುದು ಬೇರೆ. ಸರ್ಜನ್ ಬಳಿ "ಇಂತಿಷ್ಟು ವಾರ ಸ್ಪ್ಲಿಂಟ್, ಇಂತಿಷ್ಟು ವಾರ ಭಾರದ ಕೆಲಸ ಬೇಡ, ವಾರಕ್ಕೆ ಇಷ್ಟು ಸಲ ಫಿಸಿಯೋಥೆರಪಿ" ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆಸಿಕೊಂಡರೆ ಡಿಸ್ಪೆನ್ಸರಿಯ ವೈದ್ಯರಿಗೂ ಅದು ಆಧಾರವಾಗುತ್ತದೆ.

ರಜೆಗೆ ಇಎಸ್‌ಐ ವೈದ್ಯರು ಕೊಡುವ ನಮೂನೆ 7ರ ಸರ್ಟಿಫಿಕೇಟನ್ನು ವಾರಕ್ಕೊಮ್ಮೆ ಮುಂದುವರಿಸಿಕೊಳ್ಳಬೇಕು. ದೀರ್ಘ ಪ್ರಕರಣಕ್ಕೆ ನಮೂನೆ 8ರಲ್ಲಿ 4 ವಾರದವರೆಗೆ ಕೊಡಬಹುದು, ಕೇಳಿದರೆ ಕೊಡುತ್ತಾರೆ, ಪಾವಗಡ ಮಧುಗಿರಿ ಕಡೆಯಿಂದ ಬರುವವರಿಗೆ ಅದೇ ಅನುಕೂಲ. ನಡುವೆ ಒಂದು ದಿನ ಖಾಲಿ ಬಿದ್ದರೆ ಆ ದಿನದ ಹಣ ಹೋಗುತ್ತದೆ, ಚಿಕಿತ್ಸೆ ಮುಗಿದಿತ್ತು ಎಂಬ ವಾದಕ್ಕೂ ದಾರಿಯಾಗುತ್ತದೆ. ಈ ಅವಧಿಯಲ್ಲಿ ಒಂದು ದಿನ ಹಾಜರಿ ಹಾಕಿ ಬಂದರೂ ಕೆಡುತ್ತದೆ. "ಬಂದು ಸುಮ್ಮನೆ ಕೂತಿರು" ಎಂದು ಕರೆದರೆ ಹೋಗಬಾರದು. ಸರ್ಟಿಫಿಕೇಟ್ ಮೇಲಿರುವ ತನಕ ಕೆಲಸದಿಂದ ತೆಗೆಯುವುದನ್ನು, ಶಿಕ್ಷಿಸುವುದನ್ನು 73ನೇ ಕಲಂ ತಡೆಯುತ್ತದೆ.

ಕೊನೆಯ ಸರ್ಟಿಫಿಕೇಟ್ ಆದ ಮೇಲೆ ಅಂಗವೈಕಲ್ಯದ ಶೇಕಡಾವಾರು ತೀರ್ಮಾನಿಸುವ ಮೆಡಿಕಲ್ ಬೋರ್ಡ್. ಬೆರಳು ಪೂರ್ತಿ ಹೋಗಿದ್ದರೆ ಪಟ್ಟಿಯೇ ಇದೆ: ಹೆಬ್ಬೆರಳು ಶೇ 30, ತೋರುಬೆರಳು 14, ನಡುಬೆರಳು 12, ಉಂಗುರಬೆರಳು ಅಥವಾ ಕಿರುಬೆರಳು 7, ಒಂದು ಕೈಯ ನಾಲ್ಕೂ ಬೆರಳು 50. ಮೇಲಿನ ಲೆಕ್ಕದಲ್ಲಿ ತೋರುಬೆರಳಿಗೆ 540ರ ಶೇ 14, ದಿನಕ್ಕೆ 75 ರೂಪಾಯಿ 60 ಪೈಸೆ, ಬದುಕಿರುವ ತನಕ. ಕಷ್ಟ ಇರುವುದು ಬೆರಳೆಲ್ಲ ಇದ್ದೂ ಮುಷ್ಟಿ ಕಟ್ಟಲು ಬರದವರಿಗೆ. ಅದು ಪಟ್ಟಿಯಲ್ಲಿಲ್ಲ, ಬೋರ್ಡು ಅಂದಾಜು ಮಾಡಬೇಕು. ಹೋಗುವ ಮೊದಲು ಫಿಸಿಯೋಥೆರಪಿ ವಿಭಾಗದಲ್ಲಿ ಪ್ರತಿ ಗೆಣ್ಣು ಎಷ್ಟು ಡಿಗ್ರಿ ಮಡಿಸುತ್ತದೆ, ಎರಡೂ ಕೈಗಳ ಹಿಡಿತದ ಬಲ ಎಷ್ಟು ಕಿಲೋ ಎಂದು ಅಳೆಸಿ ಬರೆಸಿಕೊಂಡು ಹೋಗಿ. ಅಳತೆ ಕೈಯಲ್ಲಿದ್ದವರಿಗೂ ಬರಿಗೈಯಲ್ಲಿ ಹೋದವರಿಗೂ ಬೋರ್ಡಿನ ಮುಂದೆ ಬಹಳ ವ್ಯತ್ಯಾಸ. ತೀರ್ಮಾನ ಒಪ್ಪಿಗೆಯಾಗದಿದ್ದರೆ 3 ತಿಂಗಳೊಳಗೆ ಮೇಲ್ಮನವಿ.

ಇಎಸ್‌ಐ ಇಲ್ಲದ ಸಣ್ಣ ಅಕ್ಕಿ ಗಿರಣಿ, ನಾರಿನ ಘಟಕಗಳಲ್ಲಿ ದಾರಿ ಬೇರೆ. ಅಲ್ಲಿ ಆಸ್ಪತ್ರೆ ಹುಡುಕುವುದು, ಹಣ ಹಾಕುವುದು ಕಾರ್ಮಿಕನ ಮನೆಯವರೇ. ಆದರೆ 2009ರ ತಿದ್ದುಪಡಿಯಿಂದ ಪರಿಹಾರ ಕಾಯ್ದೆಗೆ ಬಂದ 4(2ಎ) ಕಲಂ ಪ್ರಕಾರ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಮಾಲೀಕ ತುಂಬಿಕೊಡಬೇಕು, ಪರಿಹಾರದ ಮೊತ್ತ ಅದರ ಮೇಲೆ ಬೇರೆ. ಔಷಧಿ ಅಂಗಡಿಯ ಹರಿದ ಚೀಟಿ ಲೆಕ್ಕಕ್ಕೆ ಬರುವುದಿಲ್ಲ, ಹೆಸರು ಹಾಕಿದ ಬಿಲ್ಲೇ ಬೇಕು. ಗುಣವಾಗುವ ತನಕ ಪ್ರತಿ ಅರ್ಧ ತಿಂಗಳಿಗೆ ಸಂಬಳದ ಶೇ 25. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿ 3ರಿಂದ 15,000, ಅಂದರೆ ಹೆಚ್ಚೆಂದರೆ 3,750. 30 ವರ್ಷದವನಿಗೆ ತೋರುಬೆರಳು ಹೋದರೆ 15,000ದ ಶೇ 60, ಅದನ್ನು ವಯಸ್ಸಿನ ಗುಣಕ 207.98ರಿಂದ ಗುಣಿಸಿ, ಅದರ ಶೇ 14: ಸುಮಾರು 2,62,055 ರೂಪಾಯಿ. ಒಂದು ತಿಂಗಳು ದಾಟಿಸಿದರೆ ಶೇ 12 ಬಡ್ಡಿ, ಸಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡ. ಕಂಟ್ರಾಕ್ಟರ್ ಮಾಯವಾದರೆ ಕೆಲಸ ಕೊಟ್ಟ ಮೂಲ ಮಾಲೀಕನನ್ನೇ 12ನೇ ಕಲಮಿನಡಿ ಹಿಡಿಯಬಹುದು. ಮಾಲೀಕ ತನ್ನ ಖರ್ಚಿನಲ್ಲಿ ವೈದ್ಯರ ಬಳಿ ಪರೀಕ್ಷೆಗೆ ಕರೆದರೆ ನಿರಾಕರಿಸಬಾರದು, ಹಕ್ಕು ಅಲ್ಲಿಗೇ ತಡೆಹಿಡಿಯಲ್ಪಡುತ್ತದೆ. ಹೋಗಿ, ಆದರೆ ನಿಮ್ಮ ಕಾಗದಗಳ ಜೆರಾಕ್ಸ್ ಮಾತ್ರ ಕೊಡಿ.

ಇಂಥ ಕಡೆ ಐವತ್ತು ಸಾವಿರ ಕೈಗಿಟ್ಟು ಛಾಪಾ ಕಾಗದದ ಮೇಲೆ "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಸಹಿ ಮಾಡಿಸಿಕೊಳ್ಳುವುದು ಮಾಮೂಲು. ಹಕ್ಕು ಬಿಟ್ಟುಕೊಡುವ ಅಂಥ ಕರಾರು 17ನೇ ಕಲಮಿನಡಿ ಊರ್ಜಿತವಲ್ಲ, ರಾಜಿಯಾದರೆ ಅದು ಪರಿಹಾರ ಕಾಯ್ದೆಯ ಕಮಿಷನರ್ ಮುಂದೆ ನೋಂದಣಿಯಾಗಬೇಕು. ಸಹಿ ಹಾಕಿಬಿಟ್ಟಿದ್ದರೂ ಸುಮ್ಮನೆ ಕೂರಬೇಡಿ. ಆ ಕಾಗದದ ಪ್ರತಿ, ಎಂಎಲ್‌ಸಿ ನಂಬರಿರುವ ಮೊದಲ ಚೀಟಿ, ಬಿಲ್ಲುಗಳ ಕಟ್ಟು ಹಿಡಿದುಕೊಂಡು ಬನ್ನಿ. ಹಳೆಯ ಕಾಯ್ದೆಯಲ್ಲಿ ಅಪಘಾತವಾದ ದಿನದಿಂದ 2 ವರ್ಷದವರೆಗೆ ಅರ್ಜಿ ಹಾಕಲು ಅವಕಾಶವಿದೆ.