68 ಸಾವಿರದ ಚೀಲ, 3 ಸಾವಿರದ ಚೀಲ

ಐದಾರು ವರ್ಷದಲ್ಲಿ ಟ್ರೆಕ್ಕಿಂಗ್ ಸಾಮಾನಿಗೆ ನಾನು ಸುರಿದದ್ದು ಸುಮಾರು 68 ಸಾವಿರ. ಜಾಕೆಟ್ 11, ಬೂಟು ಒಂಬತ್ತೂವರೆ, 60 ಲೀಟರ್ ಚೀಲ 12, ಟೆಂಟು 14, ಉಳಿದದ್ದೆಲ್ಲ ಚಿಲ್ಲರೆ. ವಾಚಿನ ದುಡ್ಡು ಇದರಲ್ಲಿ ಸೇರಿಸಿಲ್ಲ, ಅದರ ಖರೆ ರೇಟು ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಇಷ್ಟೆಲ್ಲ ಇಟ್ಟುಕೊಂಡು ಹತ್ತುತ್ತಿದ್ದದ್ದು ಯಾವ ಗುಡ್ಡ? ಮುಕ್ಕಾಲು ಭಾನುವಾರ ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಅಲ್ಲಿ ಅಜ್ಜಂದಿರು ಹವಾಯಿ ಚಪ್ಪಲಿಯಲ್ಲೇ ಹತ್ತಿ ಇಳಿಯುತ್ತಾರೆ.

ಬುದ್ಧಿ ಬಂದದ್ದು ಗದಗ ಕಡೆಯ ಕಪ್ಪತಗುಡ್ಡದಲ್ಲಿ. ದೊಡ್ಡ ಟ್ರೆಕ್ಕಿಗೆ ಇರಲಿ ಅಂತ ಬೂಟನ್ನು ನಾಲ್ಕು ವರ್ಷ ಡಬ್ಬಿಯಲ್ಲೇ ಇಟ್ಟಿದ್ದೆ. ಗಾಳಿಯಂತ್ರಗಳು ಕಾಣುವ ಏರಿನಲ್ಲಿ ಬಲಗಾಲಿನ ಸೋಲ್ ಬಾಯಿ ಬಿಟ್ಟಿತು. ಒಳಗಿನ ಫೋಮು ಮುಟ್ಟಿದರೆ ಒಣ ಬೆಲ್ಲದ ಹಾಗೆ ಪುಡಿಪುಡಿ. ಪಿಯು, ಅಂದರೆ ಪಾಲಿಯುರೆಥೇನ್ ಫೋಮಿನ ಸೋಲು ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೆ ಹಾಗೇ ಆಗುತ್ತದೆ, ನನಗೆ ಗೊತ್ತಾದದ್ದು ಆಮೇಲೆ. ಚೀಲದ ಲಾಡಿ ಬಿಚ್ಚಿ ಬೂಟಿಗೆ ಸುತ್ತಿ ಬುಡದ ಡೋಣಿ ಊರಿನವರೆಗೆ ಕುಂಟುತ್ತ ಇಳಿದೆ.

ಅವತ್ತಿನಿಂದ ಒಂದೇ ಕೆಲಸ ಮಾಡಿದೆ. ಪ್ರತಿ ಸಲ ಬಂದ ಮೇಲೆ ಚೀಲ ಸುರಿದು, ಮುಟ್ಟದೇ ಇದ್ದದ್ದನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ಹಾಕುವುದು. ಮೂರು ಟ್ರೆಕ್ಕಾದರೂ ಅದರಿಂದ ಹೊರಗೆ ಬರದಿದ್ದರೆ ಮಾರಾಟ. ಔಷಧಿ ಡಬ್ಬಿ ಮತ್ತು ಟಾರ್ಚಿಗೆ ಮಾತ್ರ ಮಾಫಿ. ಬೆನ್ನಿನ ಚೀಲ ಓಣಿಯ ಕಿರಾಣಿ ಅಂಗಡಿಯ ಕಾಟಾ ಮೇಲೆ ತೂಗಿದರೆ ಮೊದಲು 14 ಕಿಲೋ ಇತ್ತು, ಈಗ ಕುಡಿಯುವ ನೀರೂ ಸೇರಿ ಆರೂವರೆ. ಮಾರಿದ್ದರಿಂದ 30 ಸಾವಿರದ ಆಸುಪಾಸು ಬಂತು.

ಹೊಸ ಚೀಲ ದುರ್ಗದ ಬೈಲ್ ಪೇಟೆಯದು, 850 ರೂಪಾಯಿ. ಸೊಂಟದ ಬೆಲ್ಟ್ ಇರಲಿಲ್ಲ. ಆಟೋ ಸೀಟ್ ಕವರ್ ಹೊಲಿಯುವವರ ಹತ್ತಿರ ಒಯ್ದೆ, ಅವರ ಮಷೀನು, ನೈಲಾನ್ ದಾರ ಎರಡೂ ಗಟ್ಟಿ. "ಇದೇನ್ರೀ ಸರ, ಆಟೋಕ್ಕೂ ಅಲ್ಲ, ಬೈಕಿಗೂ ಅಲ್ಲ" ಅಂದರು. ಆದರೂ ಫೋಮಿಟ್ಟು ಹೊಲಿದು 200 ತಗೊಂಡರು. ಇಂಬಳ (ಜಿಗಣೆ) ಕಚ್ಚದಂತೆ ಹಾಕುವ ಸಾಕ್ಸಿಗೆ ಜವಳಿ ಸಾಲಿನ ದಟ್ಟ ಪಾಪ್ಲಿನ್, ಮೊಣಕಾಲಿನವರೆಗೆ, ಹೊಲಿಗೆ ಸೇರಿ 250. ಅದಕ್ಕೆ ಏನು ಸವರುತ್ತೇನೆ ಅಂತ ಮಾತ್ರ ಕೇಳಬೇಡಿ. ಬೂಟು 1,200, ಟಾರ್ಚು 350. ಎಲ್ಲ ಕೂಡಿಸಿದರೆ ಮೂರು ಸಾವಿರದ ಒಳಗೆ.

ಕಳೆದ ಜುಲೈ, ಕುದುರೆಮುಖ. ಬುಡದ ಮುಳ್ಳೋಡಿ ಊರಿನಿಂದ ಹೋಗಿ ಬರಲು 20 ಕಿಲೋಮೀಟರ್ ಮೇಲೆಯೇ. ನನ್ನ ಅವತಾರ ನೋಡಿ ದೋಸ್ತರು "ಲೇ, ಇವನನ್ನ ಹೊತ್ಕೊಂಡು ಇಳಿಸೋ ಪಾಳಿ ಯಾರದು?" ಅಂತ ನಕ್ಕರು. ನಾನು ಹಾಕಿದ್ದು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಮಡಚಿದ ಕೊಪ್ಪೆ, ನಮ್ಮ ಕಡೆ ರೈತರು ಮಳೆಯಲ್ಲಿ ಹಾಕುವುದೇ, ಬೆನ್ನಿನ ಚೀಲದ ಮೇಲೂ ಬರುವ ಹಾಗೆ. ಗಾಳಿಗೆ ಹಾರದಂತೆ ಕಟ್ಟುವುದರಲ್ಲಿ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. 15 ಸಾವಿರದ ಜಾಕೆಟ್ ಹಾಕಿದ ಒಬ್ಬ ದೋಸ್ತ ಒಳಗೆ ಬೆವರಿನಲ್ಲೇ ತೊಯ್ದಿದ್ದ. ಹೊರಗಿನ ಗಾಳಿಯೇ ಮೋಡದಷ್ಟು ತೇವ ಇದ್ದರೆ ಒಳಗಿನ ಬೆವರು ಹೋಗುವುದಾದರೂ ಎಲ್ಲಿಗೆ? ನಾನೂ ತೊಯ್ದೆ, ಸುಳ್ಳು ಯಾಕೆ, ಆದರೆ ಎದೆ ಮತ್ತು ಬಗಲು ತೆರೆದಿದ್ದರಿಂದ ಗಾಳಿಯಾಡಿ ಅವನಷ್ಟು ತೊಯ್ಯಲಿಲ್ಲ. ಇಳಿದಾಗ ನನ್ನ ಕಾಲಿಗೆ ಇಂಬಳ ಒಂದೇ, ಅವನಿಗೆ ಹತ್ತಕ್ಕೂ ಜಾಸ್ತಿ.

ಎಲ್ಲ ಪ್ರಯೋಗ ಗೆದ್ದವು ಅಂತಲ್ಲ. ಛತ್ರಿ ಒಯ್ದಿದ್ದೆ, ಬೋಳು ಏರಿನ ಮೇಲೆ ಒಂದೇ ಗಾಳಿಗೆ ಮಗುಚಿ ಹೋಯಿತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬುತ್ತಿಗೆ ಬೆಸ್ಟ್, ಆದರೆ ಮಲೆನಾಡಿನ ತಂಪಿಗೆ ರೊಟ್ಟಿ ತೊಗಲಿನ ಹಾಗೆ ಆಗುತ್ತದೆ, ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು.

ಟೆಂಟು ಮಾತ್ರ ಇನ್ನೂ ಹೋಗಿಲ್ಲ. ನಾವು ಹೋಗುವ ಕಾಡುಗಳಲ್ಲಿ ಹೊಡೆಯಲು ಬಿಡುವುದಿಲ್ಲ, ಮಾಳಿಗೆ ಮೇಲೆ ಎರಡು ಸಲ ಹೊಡೆದು ಮಕ್ಕಳನ್ನು ಮಲಗಿಸಿದ್ದಷ್ಟೇ. ಈ ಬೇಸಿಗೆಯಲ್ಲಿ ಅವ್ವ ಅದನ್ನು ಹಾಸಿ ಶಾವಿಗೆ ಒಣಹಾಕಿದ್ದಳು. ಏಳು ಸಾವಿರಕ್ಕೆ ಯಾರಿಗಾದರೂ ಬೇಕಾದರೆ ಹೇಳಿ, ಶಾವಿಗೆ ಝಾಡಿಸಿಯೇ ಕೊಡುತ್ತೇನೆ.