ಸುಮ್ನಿರುವ ಕೈಗೂ ಒಂದು ಕೆಲಸ ಕೊಡಿ

ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳೆತನದಲ್ಲೇ ಮಿದುಳಿಗೆ ಆದ ಹಾನಿಯಿಂದ ಮೈಕೈಯ ಚಲನೆ ಹಿಡಿತಕ್ಕೆ ಸಿಗದ ತೊಂದರೆ. ಎಡಗೈ ಮುಷ್ಟಿ ಕಟ್ಟಿ ಎದೆ ಹತ್ತಿರ ಮಡಚಿಕೊಂಡಿರುತ್ತದೆ. ಮನೆಯವರೆಲ್ಲ ದಿನವಿಡೀ ‘ಎಡಗೈನೂ ಹಾಕು ಕಂದಾ’ ಎನ್ನುತ್ತಿದ್ದೆವು. ಅವನು ಬಲಗೈಯಲ್ಲೇ ಎಲ್ಲ ಮುಗಿಸಿಬಿಡುತ್ತಿದ್ದ. ಒಂದು ಕೈಗೆ ಆಗುವ ಕೆಲಸಕ್ಕೆ ಇನ್ನೊಂದು ಕೈ ಯಾಕೆ ಬೇಕು, ಅಲ್ವಾ? ಒಂದೇ ಕೈಯಲ್ಲಿ ಆಗದ ಕೆಲಸ ಕೊಟ್ಟಾಗಲೇ ಎಡಗೈ ಮುಂದೆ ಬಂತು. ನಮ್ಮ ಮನೆಯಲ್ಲಿ ಆ ಕೆಲಸ, ಅವರೆಕಾಯಿ ಸುಲಿಯುವುದು.

ಮೊದಲು ಸರಿಯಾಗಿ ಕೂರಿಸಿ. ಪಾದ ನೆಲಕ್ಕೆ ಊರಿರಬೇಕು, ಮೇಜು ಮೊಣಕೈ ಎತ್ತರಕ್ಕೆ ಬರಬೇಕು. ಮೈ ವಾಲುತ್ತಿದ್ದರೆ ಬೀಳದಂತೆ ನೋಡಿಕೊಳ್ಳುವುದರಲ್ಲೇ ಮಗುವಿನ ಗಮನವೆಲ್ಲ ಹೋಗುತ್ತದೆ.

ಆಮೇಲೆ ಮುಷ್ಟಿ. ಬೆರಳ ತುದಿ ಹಿಡಿದು ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಮಣಿಕಟ್ಟನ್ನು ಅಂಗೈ ಕಡೆಗೆ ಮೆಲ್ಲಗೆ ಬಾಗಿಸಿ. ಬೆರಳು ಸಡಿಲವಾಗುತ್ತದೆ. ಹೆಬ್ಬೆರಳನ್ನು ಬುಡದ ಹತ್ತಿರ ಹಿಡಿದು ನಿಧಾನವಾಗಿ ಹೊರಗೆ ತನ್ನಿ. ಮಗುವಿಗೆ ನೋವಾದರೆ ಅಲ್ಲಿಗೇ ಬಿಡಿ.

ಈಗ ಕೆಲಸ. ಬಿಗಿಯಾದ ಕೈ ‘ಹಿಡಿಯುವ ಕೈ’, ಇನ್ನೊಂದು ‘ಮಾಡುವ ಕೈ’. ಎಡಗೈಯೂ ಬಲಗೈಯಂತೆ ಚುರುಕಾಗಲಿ ಎಂದು ಹಟ ಹಿಡಿಯುವುದು ಬೇಡ. ಗಟ್ಟಿಯಾಗಿ ಹಿಡಿದುಕೊಂಡರೂ ಅದು ದೊಡ್ಡ ಸಹಾಯ. ಮೊದಲ ಕೆಲವು ದಿನ ಎಡಗೈ ಬಟ್ಟಲನ್ನಷ್ಟೇ ಹಿಡಿಯಲಿ. ಹಗುರವಾದ ಸ್ಟೀಲ್ ಬಟ್ಟಲೇ ಇರಲಿ, ಹಿಡಿಯದಿದ್ದರೆ ಜಾರುತ್ತದೆ, ಮಗುವಿಗೇ ಗೊತ್ತಾಗುತ್ತದೆ. ನಂತರ ನೀವು ಕಾಯಿ ಸೀಳಿ ಕೊಡಿ. ಎಡಗೈ ಸಿಪ್ಪೆ ಹಿಡಿಯಲಿ, ಬಲಗೈ ಹೆಬ್ಬೆರಳು ಕಾಳು ತಳ್ಳಲಿ. ಕೊನೆಗೆ ಇಡೀ ಕಾಯಿ. ಚೆನ್ನಾಗಿ ಬಲಿತ, ದಪ್ಪ ಕಾಯಿ ಆರಿಸಿ. ನಮ್ಮ ಹುಡುಗನ ಎಡಗೈಯಿಂದ ಕಾಯಿ ಹತ್ತು ಸಲ ಬಿದ್ದಿದೆ. ಎತ್ತಿಕೊಡಲು ನನ್ನ ಕೈ ಮುಂದೆ ಹೋಗುತ್ತಿತ್ತು. ತಡೆದುಕೊಂಡೆ. ನೀವೂ ತಡೆದುಕೊಳ್ಳಿ. ತೀರಾ ಚಿಕ್ಕ ಮಗುವಾದರೆ ಕಾಳು ಬಾಯಿಗೆ ಹೋಗದಂತೆ ಪಕ್ಕದಲ್ಲೇ ಇರಿ.

ಅವರೆ ಕಾಲ ಮುಗಿದರೆ ಬಟಾಣಿ, ಬಾಳೆಹಣ್ಣು, ಡಬ್ಬಿ ಮುಚ್ಚಳ, ಚಪಾತಿ ಲಟ್ಟಿಸುವುದು. ಮಗುವಿಗೆ ಇಷ್ಟವಾದದ್ದನ್ನೇ ಆರಿಸಿ. ಬಿಸಿ ಪಾತ್ರೆ ಮಾತ್ರ ಬೇಡ, ಆ ಕೈಗೆ ಬಿಸಿ ಸರಿಯಾಗಿ ತಿಳಿಯದೆ ಇರಬಹುದು.

ಎಷ್ಟು ದಿನ ಬೇಕು? ಇಂಥ ಒಂದು ಕೆಲಸ ಕಲಿಯಲು ಥೆರಪಿಸ್ಟ್ ಬಳಿ ಮಾಡಿದ್ದೂ ಮನೆಯಲ್ಲಿ ಮಾಡಿದ್ದೂ ಸೇರಿ ಸುಮಾರು 14ರಿಂದ 25 ಗಂಟೆ ಅಭ್ಯಾಸ ಬೇಕಾಗುತ್ತದೆ ಎನ್ನುತ್ತವೆ ಅಧ್ಯಯನಗಳು. ದಿನಕ್ಕೆ 20 ನಿಮಿಷವಾದರೆ ಒಂದೂವರೆಯಿಂದ ಎರಡೂವರೆ ತಿಂಗಳು. ವಾರದಲ್ಲೇ ಬೇಸರ ಮಾಡಿಕೊಳ್ಳಬೇಡಿ.

ಚೆನ್ನಾಗಿರುವ ಕೈಗೆ ಗ್ಲೌಸ್ ಹಾಕಿ ಇನ್ನೊಂದನ್ನು ದುಡಿಸುವ ವಿಧಾನವೂ ಇದೆ. ಅದನ್ನು ಥೆರಪಿಸ್ಟ್ ಹೇಳದೆ ಮನೆಯಲ್ಲಿ ಮಾಡಬೇಡಿ. ಕೈಯನ್ನು ಸರಿಯಾದ ಭಂಗಿಯಲ್ಲಿ ಇಡುವ ಸ್ಪ್ಲಿಂಟ್, ಬಿಗಿತ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಬೇಕೇ ಎನ್ನುವುದನ್ನೂ ಡಾಕ್ಟರೇ ಹೇಳಬೇಕು. ಮಗು ಒಂದು ವರ್ಷ ತುಂಬುವ ಮೊದಲೇ ಒಂದೇ ಕೈ ಚಾಚುತ್ತಿದ್ದರೆ ‘ಎಡಚ’, ‘ಬಲಚ’ ಎಂದು ಸುಮ್ನೆ ಬಿಡಬೇಡಿ, ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ, ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಕೇಂದ್ರ ಎಲ್ಲಿದೆ ಎಂದು ಕೇಳಿ.

ತಿಂಗಳಿಗೊಮ್ಮೆ ಅದೇ ಬಟ್ಟಲು, ಅದೇ ಜಾಗದಲ್ಲಿ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ತೆಗೆದಿಡಿ. ಮುಂದಿನ ಸಲ ಹೋದಾಗ ಥೆರಪಿಸ್ಟ್‌ಗೆ ಮೊದಲು ಅದನ್ನೇ ತೋರಿಸಿ.